ಒಂದೇ ಮುಖದ ಇಬ್ಬರು ಮನೆ ಬದಲಾಯಿಸಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲವೇ?

ಹಾಸ್ಯ ಧಾರಾವಾಹಿ ನೂರು ಕಂತು ದಾಟುವುದರೊಳಗೆ ಒಂದು ಕಂತು ಬಂದೇ ಬರುತ್ತದೆ. ಮನೆಯ ಯಜಮಾನನನ್ನೇ ಅಚ್ಚೊತ್ತಿದಂತಿರುವ ಇನ್ನೊಬ್ಬ ಊರಿಗೆ ಬರುತ್ತಾನೆ. ಇವನು ಕಚೇರಿಯ ಕಾಟ ತಪ್ಪಿಸಿಕೊಳ್ಳಲು ಅವನನ್ನು ತನ್ನ ಜಾಗದಲ್ಲಿ ಕೂರಿಸುತ್ತಾನೆ. ಸಾಹೇಬರಿಗೆ ಗೊತ್ತಾಗುವುದಿಲ್ಲ, ಅಕ್ಕಪಕ್ಕದವರಿಗೆ ಗೊತ್ತಾಗುವುದಿಲ್ಲ, ಹೆಂಡತಿಗೂ ಗೊತ್ತಾಗುವುದಿಲ್ಲ. ಕೊನೆಗೆ ಇಬ್ಬರೂ ಒಂದೇ ಬಾಗಿಲಲ್ಲಿ ಎದುರಾಗುತ್ತಾರೆ, ಅಜ್ಜಿ ತಲೆ ತಿರುಗಿ ಬೀಳುತ್ತಾಳೆ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಲ್ಲಿ, ಪರಿಚಯದವರ ಮನೆಯ ಚಪ್ಪರದಲ್ಲಿ ನಾವು ಕೂತಿದ್ದಾಗ ಟಿವಿಯಲ್ಲಿ ಇಂಥದೇ ಒಂದು ಕಂತು ಓಡುತ್ತಿತ್ತು. ಅಡಿಕೆ ಸುಲಿಯುತ್ತಿದ್ದ ಹೆಂಗಸರಲ್ಲಿ ಒಬ್ಬರು ಕೈ ನಿಲ್ಲಿಸದೆಯೇ ಕೇಳಿದರು: “ಅಲ್ಲಕ್ಕಾ, ಹೊರಗಿನೋರಿಗೆ ಗೊತ್ತಾಗ್ದಿದ್ರೆ ಹೋಗ್ಲಿ, ಕಟ್ಕಂಡ ಹೆಂಡ್ತಿಗೂ ಗುರ್ತು ಸಿಗಲ್ವಾ?” ಪಕ್ಕದವರು ಸಮಾಧಾನ ಹೇಳಿದರು: “ಒಬ್ರಂಗೆ ಏಳು ಜನ ಇರ್ತಾರಂತಲ್ಲ, ಯಾಕೆ ಮೋಸ ಹೋಗಬಾರ್ದು?”

ಮೊದಲಿನವರ ಪ್ರಶ್ನೆಯ ಮೇಲೆ ವಿಜ್ಞಾನಿಗಳು ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ. ಎರಡನೆಯವರ ಮಾತು ನಾವೆಲ್ಲ ಕೇಳಿ ಬೆಳೆದದ್ದು. ಮೊದಲು ಅದನ್ನೇ ನೋಡೋಣ.

ಆ ಏಳು ಜನ ಎಲ್ಲಿದ್ದಾರೆ?

ಏಳು ಎಂಬ ಲೆಕ್ಕಕ್ಕೆ ಯಾವ ಆಧಾರವೂ ಇಲ್ಲ. ಏಳು ಲೋಕ, ಏಳು ಸಮುದ್ರ, ಏಳು ಹೆಡೆ ಎನ್ನುವ ಹಾಗೆ ಇದೂ ಬಾಯಿಗೆ ಬಂದ ಸಂಖ್ಯೆ. ಒಬ್ಬರನ್ನು ಹೋಲುವವರು ಎಷ್ಟು ಮಂದಿ ಎಂಬುದು ‘ಹೋಲುವುದು’ ಎಂದರೆ ಏನೆಂದು ನಾವು ಹಿಡಿಯುತ್ತೇವೋ ಅದರ ಮೇಲೆ ನಿಂತಿದೆ.

ಆಸ್ಟ್ರೇಲಿಯಾದ ಸಂಶೋಧಕಿ ಟೀಗನ್ ಲ್ಯೂಕಾಸ್ ಮತ್ತು ಜೊತೆಗಾರರು 2015ರಲ್ಲಿ ಸುಮಾರು 4,000 ಜನರ ಮುಖದ ಅಳತೆಗಳನ್ನು ಹೋಲಿಸಿದರು. ಕಣ್ಣುಗಳ ನಡುವಿನ ಅಂತರ, ಕಿವಿಯ ಉದ್ದ ಇಂಥ ಎಂಟು ಅಳತೆಗಳು ಮಿಲಿಮೀಟರ್ ಲೆಕ್ಕದಲ್ಲಿ ಕೂಡಿಬರುವ ಸಾಧ್ಯತೆ ಲಕ್ಷ ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ ಎಂದು ಅವರ ಲೆಕ್ಕ ಹೇಳಿತು. ಭೂಮಿಯ ಮೇಲಿರುವವರು ಸುಮಾರು 800 ಕೋಟಿ ಜನ. ಆ ಲೆಕ್ಕದಲ್ಲಿ ನಿಮ್ಮಂಥ ಇನ್ನೊಬ್ಬರು ಸಿಗುವುದೇ ಕಷ್ಟ, ಏಳು ಜನರ ಮಾತು ದೂರವೇ ಉಳಿಯಿತು.

ಆದರೆ ಬಸ್ ನಿಲ್ದಾಣದಲ್ಲಿ ನಾವು ಯಾರ ಕಿವಿಯನ್ನೂ ಟೇಪು ಹಿಡಿದು ಅಳೆಯುವುದಿಲ್ಲ. ಕಣ್ಣಿಗೆ ‘ಅದೇ ಮುಖ’ ಎನಿಸಿದರೆ ಸಾಕು. ಈ ಸಡಿಲ ಅರ್ಥದಲ್ಲಿ ಹೋಲುವವರು ಧಾರಾಳವಾಗಿದ್ದಾರೆ. ಕೆನಡಾದ ಛಾಯಾಗ್ರಾಹಕ ಫ್ರಾಂಸ್ವಾ ಬ್ರೂನೆಲ್, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಇಂಥ ಜೋಡಿಗಳನ್ನು ಹುಡುಕಿ ಹುಡುಕಿ ಫೋಟೊ ತೆಗೆದಿದ್ದಾರೆ. ಅವರಲ್ಲಿ 32 ಜೋಡಿಗಳನ್ನು ಬಾರ್ಸಿಲೋನಾದ ಮಾನೆಲ್ ಎಸ್ಟೆಲರ್ ಅವರ ತಂಡ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿತು. ಮುಖ ಗುರುತಿಸುವ ಮೂರು ಬೇರೆ ಬೇರೆ ತಂತ್ರಾಂಶಗಳೂ 16 ಜೋಡಿಗಳನ್ನು ‘ಹೌದು, ಹೋಲುತ್ತಾರೆ’ ಎಂದವು. ಆ 16ರಲ್ಲಿ ಅರ್ಧಕ್ಕಿಂತ ಹೆಚ್ಚು ಜೋಡಿಗಳಲ್ಲಿ ಮುಖದ ರಚನೆಗೆ ಸಂಬಂಧಿಸಿದ ಜೀನ್‌ಗಳೂ ಗಮನಾರ್ಹವಾಗಿ ಹೋಲುತ್ತಿದ್ದವು. ರಕ್ತಸಂಬಂಧ ಇಲ್ಲದಿದ್ದರೂ ಕಾಕತಾಳೀಯವಾಗಿ ಒಂದೇ ಬಗೆಯ ಜೀನ್‌ಗಳು ಬಂದು ಕೂತಿವೆ ಎಂದರ್ಥ. ಇಷ್ಟಾದರೂ ಜೀನ್‌ಗಳ ಮೇಲೆ ಪರಿಸರ ಒತ್ತುವ ರಾಸಾಯನಿಕ ಗುರುತುಗಳಲ್ಲಿ, ಮೈಯೊಳಗಿನ ಸೂಕ್ಷ್ಮಜೀವಿಗಳಲ್ಲಿ ಅವರು ಬೇರೆ ಬೇರೆಯೇ ಆಗಿದ್ದರು.

ರಕ್ತಸಂಬಂಧ ಇದ್ದರೆ? ಅಮೆರಿಕದಲ್ಲಿ 1963ರಿಂದ 1966ರವರೆಗೆ ಬಂದ ‘ದಿ ಪ್ಯಾಟಿ ಡ್ಯೂಕ್ ಶೋ’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಅಣ್ಣತಮ್ಮಂದಿರ ಮಕ್ಕಳಿಬ್ಬರು ತದ್ರೂಪು, ಇಬ್ಬರ ಪಾತ್ರವನ್ನೂ ಒಬ್ಬಳೇ ನಟಿ ಮಾಡುತ್ತಿದ್ದಳು. ಅವರ ಅಪ್ಪಂದಿರು ತದ್ರೂಪಿ ಅವಳಿಗಳು ಎಂಬುದು ಕಥೆಗಾರರು ಕೊಟ್ಟ ಸಮರ್ಥನೆ. ಲೆಕ್ಕ ಹಾಕಿದರೆ ಅಂಥ ಮಕ್ಕಳ ನಡುವಿನ ನಂಟು ಒಂದೇ ಅಪ್ಪ, ಬೇರೆ ತಾಯಂದಿರ ಮಕ್ಕಳಷ್ಟು, ಅಂದರೆ ಶೇ. 25. ನಮ್ಮ ಕಡೆ ಒಂದು ಮನೆಯ ಅಣ್ಣತಮ್ಮಂದಿರು ಇನ್ನೊಂದು ಮನೆಯ ಅಕ್ಕತಂಗಿಯರನ್ನು ಮದುವೆಯಾಗುವುದು ಹೊಸತೇನಲ್ಲ. ಅವರ ಮಕ್ಕಳ ನಡುವೆಯೂ ಇಷ್ಟೇ ನಂಟು. ಜಾತ್ರೆಯಲ್ಲಿ ನೋಡಿದವರು ‘ಯಾರ ಮನೆಯವರು’ ಎಂದು ಥಟ್ಟನೆ ಹೇಳುವಷ್ಟು ಹೋಲಿಕೆ ಇರುತ್ತದೆ, ಒಬ್ಬರ ಬದಲು ಇನ್ನೊಬ್ಬರು ಮನೆಗೆ ಹೋಗಿ ಊಟಕ್ಕೆ ಕೂರುವಷ್ಟಲ್ಲ. ಅದು ಸಾಧ್ಯವಿದ್ದರೆ ತದ್ರೂಪಿ ಅವಳಿಗಳಿಗೆ ಮಾತ್ರ. ಅಂಥವರು ಹುಟ್ಟುವುದು ಸಾವಿರ ಹೆರಿಗೆಯಲ್ಲಿ ಸುಮಾರು ನಾಲ್ಕು.

ಹೆಂಡತಿಗೆ ಗೊತ್ತಾಗುತ್ತದೆಯೇ?

ಈಗ ಚಪ್ಪರದಲ್ಲಿ ಎದ್ದ ಮೊದಲ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಆ ಚಪ್ಪರದಲ್ಲೇ ಬಿದ್ದಿತ್ತು.

ಭೀಮಸಮುದ್ರ ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಬಗೆಬಗೆಯ ಅಡಿಕೆಗೆ ಬೇರೆ ಬೇರೆ ಧಾರಣೆ. ನಮ್ಮ ಕಣ್ಣಿಗೆ ಎಲ್ಲವೂ ಕೆಂಪು ಕೆಂಪು ತುಂಡುಗಳು. ಅಲ್ಲಿನ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಎತ್ತಿ ನೋಡಿದರೆ ಸಾಕು, ಯಾವುದಕ್ಕೆ ಯಾವುದು ಬೆರೆತಿದೆ ಎಂದು ಹೇಳಿಬಿಡುತ್ತಾರೆ. ಕಣ್ಣು ಅವರಿಗೂ ಎರಡೇ. ವರ್ಷಗಟ್ಟಲೆ ನೋಡಿದ ಅಭ್ಯಾಸ ಮಾತ್ರ ಬೇರೆ.

ಮುಖಗಳ ವಿಷಯದಲ್ಲೂ ಹೀಗೆಯೇ. ಬ್ರಿಟನ್ನಿನ ರಾಬ್ ಜೆಂಕಿನ್ಸ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು 40 ಫೋಟೊಗಳನ್ನು ಕೊಟ್ಟು ‘ಒಬ್ಬೊಬ್ಬ ವ್ಯಕ್ತಿಯದನ್ನು ಒಂದೊಂದು ಗುಡ್ಡೆ ಮಾಡಿ’ ಎಂದರು. ಫೋಟೊಗಳಲ್ಲಿ ಇದ್ದವರು ನೆದರ್ಲೆಂಡ್ಸಿನ ಇಬ್ಬರೇ ಪ್ರಸಿದ್ಧ ಮಹಿಳೆಯರು, ಒಬ್ಬೊಬ್ಬರದು 20 ಫೋಟೊ. ಅವರನ್ನು ಎಂದೂ ಕಾಣದ ಬ್ರಿಟನ್ನಿನವರು ಏಳು, ಎಂಟು, ಒಂಬತ್ತು ಗುಡ್ಡೆ ಮಾಡಿದರು. ಒಬ್ಬಳೇ ಮಹಿಳೆ ಬೇರೆ ಬೆಳಕಿನಲ್ಲಿ, ಬೇರೆ ತಲೆಗೂದಲಿನಲ್ಲಿ ಅವರಿಗೆ ಬೇರೆಯವಳಾಗಿ ಕಂಡಳು. ಆ ಮುಖಗಳನ್ನು ಟಿವಿಯಲ್ಲಿ ನೋಡಿ ಬೆಳೆದ ನೆದರ್ಲೆಂಡ್ಸಿನವರಿಗೆ ಅದು ಮಕ್ಕಳಾಟ, ಸರಿಯಾಗಿ ಎರಡು ಗುಡ್ಡೆ ಮಾಡಿಟ್ಟರು.

ಅಪರಿಚಿತರ ಮುಖ ನೋಡುವಾಗ ನಮ್ಮ ಮಿದುಳು ಹೊರ ಅಂಚನ್ನು ಹೆಚ್ಚು ನೆಚ್ಚುತ್ತದೆ. ಕೂದಲು, ತಲೆಯ ಆಕಾರ, ಮುಖದ ಸುತ್ತಿನ ಗೆರೆ ಇವು ಅದಕ್ಕೆ ಮುಖ್ಯ. ಪರಿಚಿತರ ಮುಖದಲ್ಲಿ ಕಣ್ಣು, ಮೂಗು, ಬಾಯಿ ಇರುವ ಒಳಭಾಗವೇ ಮುಖ್ಯವಾಗುತ್ತದೆ. ತಲೆ ಬೋಳಿಸಿಕೊಂಡು ತಿರುಪತಿಯಿಂದ ಬಂದ ತಮ್ಮನನ್ನು ಅಕ್ಕ ಗುರುತಿಸಲು ಕ್ಷಣವೂ ಬೇಕಿಲ್ಲ, ಬೀದಿಯ ತುದಿಯ ಅಂಗಡಿಯವರು ಮಾತ್ರ ಒಂದು ಗಳಿಗೆ ತಡವರಿಸುತ್ತಾರೆ. ಇದರ ಮೇಲೆ ನಡಿಗೆ, ದನಿ, ಕೆಮ್ಮು, ಚಪ್ಪಲಿ ಬಿಡುವ ರೀತಿ, ಅನ್ನಕ್ಕೆ ಸಾರು ಕಲಸುವ ರೀತಿ ಎಲ್ಲವೂ ಮನೆಯವರಿಗೆ ಬಾಯಿಪಾಠ. ಅವಳಿ ಮಕ್ಕಳ ತಾಯಿಗೆ ಬೆನ್ನ ಹಿಂದಿನಿಂದ ಕೂಗಿದರೂ ಯಾರೆಂದು ಗೊತ್ತಾಗುವುದು ಹೀಗೆ.

ಅಂದರೆ ಧಾರಾವಾಹಿಯವರು ಅರ್ಧ ಸರಿ, ಅರ್ಧ ತಪ್ಪು. ಕಚೇರಿಗೆ ಹೊಸದಾಗಿ ಬಂದ ಸಾಹೇಬರು ಮೋಸಹೋಗುವುದು ಸಾಧ್ಯ. ಹೆಂಡತಿ ಎರಡು ದಿನ ಮೋಸಹೋಗುವುದು ಸಾಧ್ಯವಿಲ್ಲ. ತೆರೆಯ ಮೇಲೆ ನಾವು ಅದನ್ನು ನಂಬುವುದಕ್ಕೆ ಒಂದು ಕಾರಣವಿದೆ. ಅಲ್ಲಿ ‘ಇಬ್ಬರು’ ಎನ್ನುವವರು ನಿಜವಾಗಿ ಒಬ್ಬರೇ. 1975ರ ‘ದಾರಿ ತಪ್ಪಿದ ಮಗ’ದಲ್ಲಿ ಇಬ್ಬರಾಗಿ, 1978ರ ‘ಶಂಕರ್ ಗುರು’ವಿನಲ್ಲಿ ಮೂವರಾಗಿ ಬಂದ ರಾಜ್‌ಕುಮಾರ್ ಅವರ ಎತ್ತರ, ದನಿ, ನಗು ಎಲ್ಲವೂ ಒಂದೇ ಮೈಯಿಂದ ಬಂದದ್ದು. ಕ್ಯಾಮೆರಾದ ಅರ್ಧ ಮರೆಮಾಡಿ, ಒಂದೇ ಫಿಲ್ಮನ್ನು ಎರಡು ಸಲ ಬೆಳಕಿಗೆ ಒಡ್ಡಿ ಇಂಥ ದೃಶ್ಯ ತೆಗೆಯುತ್ತಿದ್ದರು. ಶೇಕ್ಸ್‌ಪಿಯರನ ‘ದಿ ಕಾಮೆಡಿ ಆಫ್ ಎರರ್ಸ್’ ಆಧರಿಸಿ 1997ರಲ್ಲಿ ಬಂದ ‘ಉಲ್ಟಾ ಪಲ್ಟಾ’ದಲ್ಲೂ ಅಷ್ಟೇ. ನಿಜ ಜೀವನದ ತದ್ರೂಪಿಗೆ ಈ ಅನುಕೂಲವಿಲ್ಲ. ಮುಖ ಹೊಂದಿದರೂ ಬಾಯಿ ತೆರೆದೊಡನೆ ಸಿಕ್ಕಿಬೀಳುತ್ತಾನೆ.

ಚಿತ್ರದುರ್ಗಕ್ಕೆ ಬಂದ ‘ಸತ್ತ ರಾಜ’

ಹಾಗಾದರೆ ಇತಿಹಾಸದಲ್ಲಿ ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ಗೆದ್ದದ್ದೇ ಇಲ್ಲವೇ? ಇದೆ, ಭೀಮಸಮುದ್ರಕ್ಕೆ ಹತ್ತಿರದಲ್ಲೇ ಇದೆ.

ಕೆಳದಿ ಸಂಸ್ಥಾನದ ಎಳೆಯ ಅರಸು ಚೆನ್ನಬಸಪ್ಪ ನಾಯಕ ತೀರಿಕೊಂಡನೆಂದೂ, ರಾಣಿ ವೀರಮ್ಮಾಜಿಯೇ ಕೊಲ್ಲಿಸಿದಳೆಂದೂ ಜನ ಆಡಿಕೊಳ್ಳುತ್ತಿದ್ದರು. 1763ರಲ್ಲಿ ಹೈದರಾಲಿ ಈ ಸೀಮೆಗೆ ಬಂದಾಗ, ಚಿತ್ರದುರ್ಗದ ಪಾಳೆಯಗಾರ ಮದಕರಿ ನಾಯಕ ಒಬ್ಬ ತರುಣನನ್ನು ಅವನ ಮುಂದೆ ನಿಲ್ಲಿಸಿದ. ‘ನಾನೇ ಆ ಚೆನ್ನಬಸಪ್ಪ, ಕೊಲ್ಲಲು ನೇಮಿಸಿದ ಜಟ್ಟಿ ಮರುಕಪಟ್ಟು ಬಚ್ಚಿಟ್ಟು ಉಳಿಸಿದ’ ಎಂಬುದು ಆ ತರುಣನ ಕಥೆ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಇದನ್ನು ದಾಖಲಿಸಿದ್ದಾನೆ. ಬಿದನೂರಿನ ಮೇಲೆ ದಂಡೆತ್ತಿಹೋಗಲು ಹೈದರನಿಗೆ ಒಂದು ನೆಪ ಬೇಕಿತ್ತು, ಈ ತರುಣ ಸಿಕ್ಕಿದ. ಸತ್ತು ಎದ್ದುಬಂದ ರಾಜ ಎಂಬ ಅರ್ಥದ ಅಡ್ಡಹೆಸರಿಟ್ಟು ಸೈನಿಕರು ಅವನನ್ನು ಗೇಲಿ ಮಾಡುತ್ತಿದ್ದರಂತೆ. ಬಿದನೂರು ಕೈವಶವಾದ ಮೇಲೆ ಅದು ಹೈದರ್‌ನಗರವಾಯಿತೇ ಹೊರತು ಚೆನ್ನಬಸಪ್ಪನ ರಾಜ್ಯವಾಗಲಿಲ್ಲ. ರಾಣಿಯ ಜೊತೆಗೆ ಈ ‘ರಾಜ’ನೂ ಮಧುಗಿರಿ ಕೋಟೆಯ ಸೆರೆಗೆ ಹೋದ. ಅವನು ನಿಜವಾದ ಅರಸನೋ ಅಲ್ಲವೋ ಎಂಬುದು ಹೈದರನಿಗೆ ಎಂದಾದರೂ ಮುಖ್ಯವಾಗಿತ್ತೆಂದು ನಮಗನಿಸುವುದಿಲ್ಲ.

ಇನ್ನೊಂದು, 1837ರ ಅಮರ ಸುಳ್ಯದ ದಂಗೆ. ಕೊಡಗಿನ ರಾಜವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಬ್ರಿಟಿಷರ ಸೆರೆಯಲ್ಲಿದ್ದಾಗ, ಪುಟ್ಟಬಸಪ್ಪ ಎಂಬ ರೈತನನ್ನೇ ಕಲ್ಯಾಣಸ್ವಾಮಿ ಎಂದು ದಂಗೆಯ ಮುಂದಾಳುಗಳು ಸಾರಿದರು. ಜನ ಹಿಂಬಾಲಿಸಿದರು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ಧ್ವಜ ಹಾರಿತು. ಫೋಟೊಗ್ರಫಿ ಜಗತ್ತಿಗೆ ಪರಿಚಯವಾದದ್ದು 1839ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, ಕಲ್ಯಾಣಸ್ವಾಮಿಯ ಮುಖ ಹೇಗಿದೆ ಎಂದು ಊರೂರಿನ ಜನಕ್ಕೆ ತೋರಿಸುವ ದಾರಿಯೇ ಇರಲಿಲ್ಲ. ಇಲ್ಲಿ ಹೋಲಿಕೆ ಬೇಕಾಗಲೇ ಇಲ್ಲ, ಹೆಸರು ಸಾಕಾಯಿತು.

ಮನೆಯವರೇ ಇಬ್ಭಾಗವಾದ ಪ್ರಕರಣ ಬಂಗಾಳದ್ದು. 1909ರಲ್ಲಿ ಡಾರ್ಜಿಲಿಂಗ್‌ನಲ್ಲಿ ಸತ್ತನೆನ್ನಲಾದ ಭಾವಲ್ ಜಮೀನ್ದಾರಿಯ ಕುಮಾರ, 1921ರಲ್ಲಿ ಸನ್ಯಾಸಿಯಾಗಿ ಢಾಕಾದಲ್ಲಿ ಕಾಣಿಸಿಕೊಂಡ. ಅಕ್ಕ ‘ನನ್ನ ತಮ್ಮನೇ’ ಎಂದಳು, ಹೆಂಡತಿ ‘ನನ್ನ ಗಂಡನಲ್ಲ’ ಎಂದಳು. ಮೈಮೇಲಿನ ಗುರುತುಗಳಿಂದ ಹಿಡಿದು ಪಾದದ ಅಳತೆಯವರೆಗೆ ವಿಚಾರಣೆಗೆ ಬಂದವು. 1946ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಸನ್ಯಾಸಿಯ ಪರವಾಗಿ ನಿಂತಿತು. ನಡುವೆ ಹನ್ನೆರಡು ವರ್ಷದ ಅಗಲಿಕೆ, ಜೊತೆಗೆ ದೊಡ್ಡ ಆಸ್ತಿ. ಇವೆರಡೂ ಸೇರಿದಾಗ ಪರಿಚಿತ ಮುಖವನ್ನೂ ಕಣ್ಣು ಖಚಿತವಾಗಿ ಹೇಳಲಾರದು ಎಂಬುದಷ್ಟೇ ಇದರಿಂದ ಹೊರಡುವ ತಿಳಿವಳಿಕೆ.

ನಗು ಬಾರದ ಕಂತು

ಅಪರಿಚಿತ ಮುಖದ ವಿಷಯದಲ್ಲಿ ನಾವು ದುರ್ಬಲರು. ತೊಂದರೆ ಏನೆಂದರೆ ಅದು ನಮಗೆ ಗೊತ್ತಿಲ್ಲ. ಮನೆಯವರನ್ನು ಅಷ್ಟು ಸಲೀಸಾಗಿ ಗುರುತಿಸುವ ನಾವು, ಎಲ್ಲ ಮುಖಗಳಲ್ಲೂ ಅಷ್ಟೇ ಜಾಣರು ಎಂದುಕೊಂಡಿದ್ದೇವೆ. 1997ರಲ್ಲಿ ಬ್ರಿಟನ್ನಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಡೆದ ಪ್ರಯೋಗದಲ್ಲಿ ಬೇರೆಯವರ ಫೋಟೊ ಇದ್ದ ಕಾರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕ್ಯಾಷಿಯರ್‌ಗಳು ಒಪ್ಪಿಕೊಂಡುಬಿಟ್ಟರು. ‘ಅವರಿಗೆ ಅಭ್ಯಾಸವಿಲ್ಲ’ ಎನ್ನುವಂತಿಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷಿಸಿದಾಗ, ಎದುರು ನಿಂತ ಬೇರೆ ವ್ಯಕ್ತಿಯನ್ನು ನೂರರಲ್ಲಿ 14 ಸಲ ‘ಫೋಟೊದಲ್ಲಿರುವವರೇ’ ಎಂದು ಒಪ್ಪಿದ್ದರು. ಪರೀಕ್ಷೆಗೆ ಬೇರೊಬ್ಬರು ಬಂದು ಕೂರುವ ನಕಲಿ ಅಭ್ಯರ್ಥಿಗಳಿಗೆ ಹಾಲ್‌ಟಿಕೆಟ್ಟಿನ ಪುಟ್ಟ ಫೋಟೊ ದೊಡ್ಡ ತಡೆಯಾಗದಿರುವುದು ಇದೇ ಕಾರಣಕ್ಕೆ.

ಇದೇ ದೌರ್ಬಲ್ಯ ಸಾಕ್ಷಿಕಟ್ಟೆ ಏರಿದರೆ ಒಬ್ಬನ ಬಾಳು ಹೋಗುತ್ತದೆ. ಅಮೆರಿಕದ ಕಾನ್ಸಾಸ್‌ನಲ್ಲಿ 1999ರಲ್ಲಿ ನಡೆದ ಒಂದು ದರೋಡೆಗೆ, ಕಣ್ಣಾರೆ ಕಂಡವರ ಮಾತಿನ ಮೇಲೆ ಒಬ್ಬನಿಗೆ ಶಿಕ್ಷೆಯಾಯಿತು. ಬೆರಳಚ್ಚು ಇಲ್ಲ, ಡಿಎನ್‌ಎ ಇಲ್ಲ. ಜೈಲಿನಲ್ಲಿ ‘ನಿನ್ನ ಹಾಗೇ ಇನ್ನೊಬ್ಬನಿದ್ದಾನೆ’ ಎಂದು ಬೇರೆ ಕೈದಿಗಳು ಅವನಿಗೆ ಹೇಳುತ್ತಿದ್ದರು. ಕೊನೆಗೆ ವಕೀಲರು ಆ ಇನ್ನೊಬ್ಬನನ್ನು ಹುಡುಕಿದರು, ಹೆಸರೂ ಹೆಚ್ಚುಕಮ್ಮಿ ಒಂದೇ ತೆರನಾಗಿತ್ತು. ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟಾಗ ಸಾಕ್ಷಿಗಳಿಗೇ ಯಾರು ಯಾರೆಂದು ಹೇಳಲಾಗಲಿಲ್ಲ. 2017ರಲ್ಲಿ ಅವನ ಬಿಡುಗಡೆಯಾಯಿತು, ಅಷ್ಟರಲ್ಲಿ 17 ವರ್ಷ ಕಳೆದಿತ್ತು. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರ ಪ್ರಕರಣಗಳಲ್ಲಿ ಮೂರನೇ ಎರಡು ಭಾಗದಷ್ಟರಲ್ಲಿ ಸಾಕ್ಷಿಗಳ ತಪ್ಪು ಗುರುತಿಸುವಿಕೆ ಇತ್ತು. ಸುಳ್ಳು ಹೇಳಬೇಕೆಂದು ಹೇಳಿದವರು ಅವರಲ್ಲಿ ವಿರಳ. ಪ್ರಾಮಾಣಿಕವಾಗಿಯೇ ತಪ್ಪಿದ್ದರು.

ನಮ್ಮಲ್ಲಿ ಇದಕ್ಕೆಂದೇ ಗುರುತು ಪರೇಡ್ ಇದೆ. ಆರೋಪಿಯನ್ನು ಅವನಂಥದೇ ಮೈಕಟ್ಟಿನ ಇತರರ ನಡುವೆ ನಿಲ್ಲಿಸಿ ಸಾಕ್ಷಿ ಗುರುತಿಸಬೇಕು. ಕೇವಲ ಪರೇಡಿನ ಗುರುತನ್ನೇ ಪೂರ್ಣ ಸಾಕ್ಷ್ಯವೆಂದು ನ್ಯಾಯಾಲಯಗಳು ಒಪ್ಪುವುದಿಲ್ಲ, ಬೇರೆ ಸಾಕ್ಷ್ಯಕ್ಕೆ ಅದು ಬಲ ಕೊಡಬಹುದು ಅಷ್ಟೆ. ಪರೇಡಿಗೆ ಮೊದಲೇ ಆರೋಪಿಯ ಫೋಟೊ ಟಿವಿಯಲ್ಲೋ ವಾಟ್ಸ್ಆ್ಯಪಿನಲ್ಲೋ ಓಡಾಡಿದ್ದರೆ ಸಾಕ್ಷಿ ಗುರುತಿಸುವುದು ಕಳ್ಳನನ್ನೋ ಫೋಟೊವನ್ನೋ ಎಂದು ಹೇಳಲಾಗದು. ‘ಮಕ್ಕಳ ಕಳ್ಳ ಇವನೇ’ ಎಂದು ಬರುವ ಫೋಟೊಗಳನ್ನು ಮುಂದಕ್ಕೆ ಕಳಿಸುವ ಮೊದಲು ಇಷ್ಟು ನೆನಪಿರಲಿ.

“ಇವಳು ನನ್ನ ಮಗಳಲ್ಲ, ಅವಳ ಹಾಗೆ ಇದಾಳೆ”

ಧಾರಾವಾಹಿಯ ಕಥೆ ಮನೆಯೊಳಗೆ ತಿರುಗುಮುರುಗಾಗಿ ನಡೆಯುವುದೂ ಉಂಟು. ಯಾರೂ ಅದಲುಬದಲಾಗಿಲ್ಲ, ಆದರೂ ವಯಸ್ಸಾದ ತಾಯಿ ಎದುರಿಗಿರುವ ಮಗಳನ್ನು ನೋಡಿ ‘ಇವಳು ಅವಳಲ್ಲ, ಅವಳ ವೇಷದಲ್ಲಿ ಬೇರೆ ಯಾರೋ ಬಂದಿದ್ದಾರೆ’ ಎನ್ನುತ್ತಾಳೆ. ಬಡಿಸಿದ ಊಟ ಮುಟ್ಟುವುದಿಲ್ಲ. ಮನೆಯವರಿಗೆ ಇದು ಗಾಳಿ ಸೋಕಿದಂತೆಯೋ ಮಾಟದಂತೆಯೋ ಕಾಣುತ್ತದೆ.

ಇದಕ್ಕೆ ಕ್ಯಾಪ್‌ಗ್ರಾ ಭ್ರಮೆ ಎಂದು ಹೆಸರು. 1923ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಕ್ಯಾಪ್‌ಗ್ರಾ ತನ್ನ ಜೊತೆಗಾರನೊಂದಿಗೆ ಇದನ್ನು ವಿವರಿಸಿದ. ನಾವು ಹತ್ತಿರದವರನ್ನು ಕಂಡಾಗ ಮಿದುಳಿನಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದು, ‘ಇದು ಇಂಥವರ ಮುಖ’ ಎಂದು ಗುರುತಿಸುವುದು. ಇನ್ನೊಂದು, ‘ನಮ್ಮವರು’ ಎಂಬ ಬೆಚ್ಚನೆಯ ಭಾವ ಎದೆಯಲ್ಲಿ ಮೂಡುವುದು. ಎರಡನೆಯ ತಂತಿ ಕಡಿದು ಮೊದಲನೆಯದು ಉಳಿದರೆ ಮುಖ ಮಗಳದೇ, ಮಗಳೆಂಬ ಭಾವ ಮಾತ್ರ ಬಾರದು. ಆಗ ಮಿದುಳು ತನಗೆ ತಾನೇ ಒಂದು ಕಥೆ ಕಟ್ಟಿಕೊಳ್ಳುತ್ತದೆ ಎಂಬುದು ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಮಿದುಳು ವಿಜ್ಞಾನಿ ವಿ. ಎಸ್. ರಾಮಚಂದ್ರನ್ ನೋಡಿದ ಒಬ್ಬ ರೋಗಿ, ಎದುರಿಗೆ ನಿಂತ ತಂದೆತಾಯಿಯನ್ನು ವೇಷಧಾರಿಗಳು ಎನ್ನುತ್ತಿದ್ದ. ಅದೇ ತಂದೆ ಫೋನ್ ಮಾಡಿದರೆ ಸರಿಯಾಗಿ ಗುರುತಿಸುತ್ತಿದ್ದ. ದನಿಯ ದಾರಿ ಕೆಟ್ಟಿರಲಿಲ್ಲ.

ಮರೆವಿನ ಕಾಯಿಲೆ, ಸ್ಕಿಜೋಫ್ರೇನಿಯಾ, ತಲೆಗೆ ಬಿದ್ದ ಪೆಟ್ಟು ಇವುಗಳ ಜೊತೆ ಈ ಭ್ರಮೆ ಬರಬಹುದು. ‘ನಾನೇ ನಿನ್ನ ಮಗಳು’ ಎಂದು ಆಧಾರ್ ಕಾರ್ಡ್ ತೋರಿಸಿ ವಾದಿಸಿದರೆ ರೋಗಿಯ ಹೆದರಿಕೆ ಹೆಚ್ಚುತ್ತದೆ. ಜಗಳವಾಡದೆ, ಪಕ್ಕದ ಕೋಣೆಯಿಂದಲೋ ಫೋನಿನಲ್ಲೋ ಮಾತಾಡಿಸಿ ನೋಡಬಹುದು. ಮನೋವೈದ್ಯರಿಗೋ ನರರೋಗ ತಜ್ಞರಿಗೋ ತೋರಿಸುವುದನ್ನು ಮಾತ್ರ ಮುಂದೂಡಬೇಡಿ. ಅಂಥ ರೋಗಿ ‘ವೇಷಧಾರಿ’ಯ ಮೇಲೆ ಕೈಮಾಡುವ ಅಪಾಯವೂ ಇರುತ್ತದೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಬೆರಳು ಏನು ಹೇಳುತ್ತದೆ?

ತದ್ರೂಪಿ ಅವಳಿಗಳ ಡಿಎನ್‌ಎ ಹೆಚ್ಚುಕಡಿಮೆ ಒಂದೇ. ಸಾಮಾನ್ಯ ಡಿಎನ್‌ಎ ಪರೀಕ್ಷೆ ಅವರನ್ನು ಬೇರ್ಪಡಿಸಲಾರದು. ಬೆರಳಚ್ಚು ಮಾತ್ರ ಬೇರೆ ಬೇರೆ. ಬೆರಳಿನ ಗೆರೆಗಳು ಗರ್ಭದಲ್ಲೇ ಮೂಡುತ್ತವೆ. ಅವು ಮೂಡುವಾಗ ಮಗುವಿನ ಅಲುಗಾಟ, ಸುತ್ತಲ ದ್ರವದ ಒತ್ತಡ, ಬೆರಳ ತುದಿ ಬೆಳೆಯುವ ವೇಗ ಎಲ್ಲ ಸೇರಿ ಒಂದೊಂದು ಬೆರಳಿಗೂ ಒಂದೊಂದು ಚಿತ್ತಾರ. ಮೊಬೈಲಿನ ಮುಖದ ಬೀಗ ಇಷ್ಟು ಗಟ್ಟಿಯಲ್ಲ. ಅವಳಿಗಳಿಗೆ, ತುಂಬ ಹೋಲುವ ಒಡಹುಟ್ಟಿದವರಿಗೆ ಅದು ತೆರೆದುಕೊಳ್ಳುವ ಸಾಧ್ಯತೆ ಹೆಚ್ಚೆಂದು ಆ್ಯಪಲ್ ಕಂಪನಿಯೇ ಹೇಳಿಕೊಂಡಿದೆ. ಮನೆಯಲ್ಲಿ ಅವಳಿಗಳಿದ್ದರೆ ಬ್ಯಾಂಕಿನ ಆ್ಯಪಿಗೆ ಪಾಸ್‌ಕೋಡ್ ಇಡುವುದು ಲೇಸು.

ಅವಳಿ ಮಕ್ಕಳ ತಂದೆತಾಯಿಗೆ ಇನ್ನೊಂದು ಮಾತು. ಐದು ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಫೋಟೊ ಮಾತ್ರ. ಐದು ತುಂಬಿದಾಗ ಬೆರಳಚ್ಚು ಕೊಡಿಸುವ ದಿನ ಯಾವ ಕಾರ್ಡಿಗೆ ಯಾವ ಮಗು ಎಂದು ಎರಡು ಸಲ ನೋಡಿಕೊಳ್ಳಿ. ಅಲ್ಲಿ ಅದಲುಬದಲಾದರೆ ಧಾರಾವಾಹಿಯ ಕಂತಿನಂತೆ ಅರ್ಧ ಗಂಟೆಯಲ್ಲಿ ಸರಿಹೋಗುವುದಿಲ್ಲ.

ಬೆರಳಿಗೂ ಒಂದು ಮಿತಿ ಇದೆ. ಭೀಮಸಮುದ್ರದ ಚಪ್ಪರದಲ್ಲಿ ಪ್ರಶ್ನೆ ಕೇಳಿದವರು ಅಡಿಕೆಯ ಚೊಗರು ಹತ್ತಿ ಕಪ್ಪಾದ ತಮ್ಮ ಹೆಬ್ಬೆರಳು ತೋರಿಸಿ ನಕ್ಕರು. ವರ್ಷಗಟ್ಟಲೆ ಸುಲಿದು ಅದರ ಗೆರೆ ಸವೆದಿದೆ, ಯಂತ್ರದ ಮೇಲೆ ಒತ್ತಿದರೆ ಒಮ್ಮೊಮ್ಮೆ ‘ಹೊಂದುತ್ತಿಲ್ಲ’ ಎಂದು ಬರುತ್ತದಂತೆ. ಕೈಕೆಲಸ ಮಾಡುವ ಬಹಳ ಮಂದಿಗೆ ಈ ತೊಂದರೆ ಇದೆ. ಆಧಾರ್ ವ್ಯವಸ್ಥೆಯಲ್ಲಿ ಕಣ್ಣಿನ ಪಾಪೆಯ ಗುರುತು, ಮುಖದ ಗುರುತು, ಮೊಬೈಲಿಗೆ ಬರುವ ಒಟಿಪಿ ಎಂಬ ಬೇರೆ ದಾರಿಗಳೂ ಇವೆ. ಒಂದು ಬೆರಳು ಹೊಂದದಿದ್ದರೆ ಕೈ ತೊಳೆದು ಒರೆಸಿಕೊಂಡು ಇನ್ನೊಂದು ಬೆರಳು ಕೊಡಿ, ಅದೂ ಆಗದಿದ್ದರೆ ಬೇರೆ ದಾರಿಯನ್ನು ಕೇಳಿ. “ಅಂಗಡಿಯೋನು ನಮ್ಮೂರೋನೇ, ನಾನು ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತು,” ಎಂದರು ಅವರು, “ಆ ಮಿಷಿನ್ನಿಗೇ ಗೊತ್ತಿಲ್ಲ.”